ಮೊದಲಿನ ದನಿ

ಸೊರಬದ ಬಸ್ಸೂ ಶಿಕಾರಿಪುರದ ಬಸ್ಸೂ ಶಿರಾಳಕೊಪ್ಪದಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ನಿಲ್ಲುತ್ತಿದ್ದವು. ಎದ್ದ ಧೂಳು ಕೆಳಗಿಳಿಯುವ ಮೊದಲೇ ಎರಡರಿಂದಲೂ ಒಬ್ಬಿಬ್ಬರು ವಯಸ್ಸಾದ ಗಂಡಸರು ಇಳಿದು, ಯಾರ ಮುಖವನ್ನೂ ನೋಡದೆ, ಹೋಟೆಲಿನ ಹಿಂದಿನ ಗೋಡೆಯತ್ತ ನಡೆಯುತ್ತಿದ್ದರು. ಉಳಿದ ಪ್ರಯಾಣಿಕರು ಹೋಗಿ ಬಂದು ಚಹಾ ಕುಡಿದು ಮುಗಿಸಿದರೂ ಇವರು ಗೋಡೆಗೆ ಮುಖಮಾಡಿ ನಿಂತೇ ಇರುತ್ತಿದ್ದರು. ಇದನ್ನು ನಾನು ಗಮನಿಸಿದ್ದಕ್ಕೆ ಕಾರಣ ಸರಳ. ನಾನೂ ಅವರ ಸಾಲಿನಲ್ಲೇ ನಿಂತಿದ್ದೆ.

ಹೊಸ ಪೈಸೆ ಚಲಾವಣೆಗೆ ಬಂದ ಮರುವರ್ಷ ಬೆಂಗಳೂರಿನ ವೈದ್ಯರೊಬ್ಬರು ನನಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿದೆ ಎಂದು ತಿಳಿಸಿದ್ದರು. ಆ ಗ್ರಂಥಿ ಮೂತ್ರಕೋಶದ ಬಾಯಿಯಲ್ಲಿದೆ. ಗಂಡಸಿನ ಬೀಜದಿಂದ ಹೊರಡುವ ರಸವೇ ರೋಗಕ್ಕೆ ಮೇವು. ಅದನ್ನು ತಡೆಯಲು ಸ್ಟಿಲ್ಬೆಸ್ಟ್ರಾಲ್ ಎಂಬ ಮಾತ್ರೆ ಇದೆ, ಬೀಜಗಳನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ, ಎರಡೂ ಆದರೆ ಒಳ್ಳೆಯದು ಎಂದರು. ನಾನು ಮಾತ್ರೆ ತೆಗೆದುಕೊಂಡೆ, ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದೆ. ಪತ್ರಿಕಾ ಕಚೇರಿಯ ಪಾಳಿಯಲ್ಲಿ ಗಂಟೆಗಟ್ಟಲೆ ಕೂರುವುದು ಅಸಾಧ್ಯವಾದಾಗ ಕೆಲಸ ಬಿಟ್ಟು ಶಿಕಾರಿಪುರದ ತಂಗಿಯ ಮನೆಗೆ ಬಂದೆ.

ಮಾತ್ರೆ ನನ್ನನ್ನು ಬೇರೆಯೇ ಒಂದು ಹವೆಯಲ್ಲಿ ಇಟ್ಟಿತ್ತು. ಇದ್ದಕ್ಕಿದ್ದಂತೆ ಕುತ್ತಿಗೆಯಿಂದ ಬಿಸಿ ಏರಿ ಹಣೆಯವರೆಗೂ ಬೆವರುತ್ತಿತ್ತು, ಅದು ಇಳಿದ ಮೇಲೆ ಮಂಪರು. ಅಂಗಿ ತಗಲಿದರೂ ಎದೆ ನೋಯುತ್ತಿತ್ತು. ಮಧ್ಯಾಹ್ನಗಳು ನೀರಿನ ತಳದಿಂದ ನೋಡಿದ ಹಾಗೆ ಕಾಣುತ್ತಿದ್ದವು: ಕಿಟಕಿಯ ಬೆಳಕು ಅಲುಗುತ್ತಿತ್ತು, ಬೀದಿಯ ಮಾತು ದೂರದಿಂದ ಬಂದು ಅರ್ಥವಾಗುವ ಮೊದಲೇ ಕರಗುತ್ತಿತ್ತು.

ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದ ಕಾಲ ಅದು. ಕಾಡಿಗೆ ಹೋದವರಿಗೆ ಜ್ವರ ಬರುತ್ತಿತ್ತು. ದೂರದ ಊರುಗಳಿಂದ ಪರಿಣತರು ಬಂದಿದ್ದರು, ಪತ್ರಿಕೆಯವರೂ ಬಂದುಹೋಗುತ್ತಿದ್ದರು. ಆರೋಗ್ಯ ಸರಿಯಿದ್ದಿದ್ದರೆ ನಾನು ಬರೆಯಬೇಕಾಗಿದ್ದ ಸುದ್ದಿ ಅದು. ಶಿಕಾರಿಪುರದ ಡಾಕ್ಟರನ್ನೂ ಆಗಾಗ ಆ ಕಡೆ ಕರೆಸುತ್ತಿದ್ದರು. ಹಾಗಾಗಿ ಆಸ್ಪತ್ರೆಯ ಜಗಲಿಯಲ್ಲಿ ಕಾಯುವವರ ಸಾಲು ಉದ್ದವಾಗುತ್ತಿತ್ತು, ನಾನು ಅಲ್ಲಿ ಕೂತು ಸಾಲನ್ನು ನೋಡುತ್ತಿದ್ದೆ.

ಒಂದು ವಿಷಯ ವಿಚಿತ್ರವಾಗಿ ಕಂಡಿತು. ನನ್ನಂಥದೇ ತೊಂದರೆಯಿಂದ ಬರುವವರೆಲ್ಲ ಸೊರಬದ ಕಡೆಯವರು. ಶಿಕಾರಿಪುರದವರು ಒಬ್ಬರೂ ಇಲ್ಲ. ಡಾಕ್ಟರಿಗೆ ಹೇಳಿದೆ.

"ನಮ್ಮೂರಿನವರಿಗೆ ಈ ಕಾಯಿಲೆನೇ ಬರಲ್ಲ ಅಂತ ಕಾಣತ್ತೆ," ಎಂದು ಅವರು ನಕ್ಕರು. "ನೀರು ಒಳ್ಳೇದು."

ಉತ್ತರ ಸಿಕ್ಕಿದ್ದು, ನಮ್ಮ ಡಾಕ್ಟರು ಊರಲ್ಲಿಲ್ಲದ ದಿನ ನಾನು ಒಮ್ಮೆ ಸೊರಬಕ್ಕೆ ಹೋದಾಗ. ಅಲ್ಲಿಯ ಆಸ್ಪತ್ರೆಯ ಮುಂದೆ ತಂಗಿಯ ಪಕ್ಕದ ಮನೆಯ ಜವಳಿ ವ್ಯಾಪಾರಿ ಕೂತಿದ್ದರು. ಬಿಸಿಲೂ ಮಳೆಯೂ ಇಲ್ಲದ ಹೊತ್ತಿನಲ್ಲಿ ನನ್ನನ್ನು ಕಂಡು ಛತ್ರಿ ಬಿಚ್ಚಿಕೊಂಡರು. ಈ ರೋಗವನ್ನು ಸ್ವಂತ ಊರಿನಲ್ಲಿ ಯಾರೂ ತೋರಿಸುತ್ತಿರಲಿಲ್ಲ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಎರಡು ಊರಿನ ನಾಚಿಕೆ ಎರಡು ಬಸ್ಸು ಹತ್ತಿ ಶಿರಾಳಕೊಪ್ಪದಲ್ಲಿ ಅಕ್ಕಪಕ್ಕ ನಿಂತು, ಗುರುತು ಹೇಳದೆ ಮುಂದೆ ಹೋಗುತ್ತಿತ್ತು.

ಇದರಲ್ಲಿ ನಗುವ ವಿಷಯ ಅಷ್ಟೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಸ್ಸಿನಲ್ಲಿ ತೊಂದರೆಯಾಗಬಾರದು ಎಂದು ಇವರು ಹಿಂದಿನ ಸಂಜೆಯಿಂದಲೇ ನೀರು ಬಿಡುತ್ತಿದ್ದರು. ಬಸ್ಸಿನಲ್ಲಿ ಬಿಗಿಹಿಡಿದು ಕೂರುತ್ತಿದ್ದರು. ಹಿಡಿದು ಹಿಡಿದು ಮೂತ್ರ ಪೂರ್ತಿ ಕಟ್ಟಿಕೊಳ್ಳುತ್ತಿತ್ತು. ಆ ಬೇಸಿಗೆಯಲ್ಲಿ ಒಬ್ಬರನ್ನು ಶಿರಾಳಕೊಪ್ಪದಲ್ಲಿ ಇಳಿಸಿ ಹೋಟೆಲಿನ ಬೆಂಚಿನ ಮೇಲೆ ಮಲಗಿಸಬೇಕಾಯಿತು. ಹೊಟ್ಟೆ ಬಿಂದಿಗೆಯಂತೆ ಉಬ್ಬಿತ್ತು. ಶಿಕಾರಿಪುರಕ್ಕೆ ಸಾಗಿಸಿ, ರಬ್ಬರ್ ಕೊಳವೆ ಹಾಕಿ ಮೂತ್ರ ತೆಗೆದರೂ ಅಷ್ಟರಲ್ಲಿ ಮೂತ್ರದ ನಂಜು ರಕ್ತಕ್ಕೆ ಏರಿತ್ತು. ಅವರು ಬದುಕಲಿಲ್ಲ. ಮಗಳ ಮನೆಗೆ ಹೋಗಿ ಬರುತ್ತೇನೆಂದು ಹೇಳಿ ಮನೆಯಿಂದ ಹೊರಟಿದ್ದರಂತೆ.

ಅದಾದ ಮೇಲೆ ನಾನು ಡಾಕ್ಟರ ಮುಂದೆ ಒಂದು ಸಲಹೆ ಇಟ್ಟೆ. ರೋಗಿಗಳು ಆಸ್ಪತ್ರೆಗೆ ಬರುವವರೆಗೆ ಕಾಯುವ ಬದಲು ನಡುದಾರಿಯಲ್ಲೇ ಅವರನ್ನು ಗುರುತಿಸಿ ಮಾತಾಡಿಸಬೇಕು. ಸಂತೆಯ ದಿನ ಬಸ್ಸು ತುಂಬಿರುತ್ತದೆ, ಸಂತೆಗೆಂದು ಹೇಳಿ ಹೊರಡುವುದೂ ಸುಲಭ. ಆ ದಿನಗಳಲ್ಲಿ ನಾನು ಶಿರಾಳಕೊಪ್ಪದಲ್ಲಿ ಕೂರುತ್ತೇನೆ. ನಾನು ಕಳಿಸಿದವರನ್ನು ಆಸ್ಪತ್ರೆಯಲ್ಲಿ ಹೆಂಗಸರ ಸಾಲಿನ ಮುಂದೆ ಹೆಸರು ಕೂಗಿ ಕರೆಯದೆ, ಪಕ್ಕದ ಕೋಣೆಯಲ್ಲಿ ನೋಡಬೇಕು. ಅವರು ಒಪ್ಪಿದರು, ಸೊರಬದ ಡಾಕ್ಟರಿಗೂ ತಿಳಿಸಿದರು.

"ನಿಮ್ಮ ಆಪರೇಷನ್?" ಎಂದು ಕೇಳಿದರು.

"ಇನ್ನೊಂದಿಷ್ಟು ದಿನ ಹೋಗಲಿ," ಎಂದೆ.

ಹೋಟೆಲಿನವರು ಹಿಂಬದಿಯ ನೆರಳಿನಲ್ಲಿ ಬೆಂಚು ಹಾಕಿಕೊಟ್ಟರು. ಒಂದು ಮಣ್ಣಿನ ಕೊಡ, ಒಂದು ಲೋಟ, ಗೋಡೆಯ ಹತ್ತಿರ ಮರೆಗೆ ಒಂದು ತಟ್ಟಿ. ಬಸ್ಸಿನ ಡ್ರೈವರುಗಳಿಗೆ ಹೇಳಿ, ನಾನು ಕೈಯೆತ್ತುವವರೆಗೆ ಹೊರಡದಂತೆ ಒಪ್ಪಿಸಿದೆ. ರೋಗಿಯನ್ನು ಗುರುತಿಸುವುದು ಕಷ್ಟವಿರಲಿಲ್ಲ. ಬಾಗಿಲ ಪಕ್ಕದ ಸೀಟು ಹಿಡಿದಿರುತ್ತಾರೆ, ಬಸ್ಸು ನಿಲ್ಲುವ ಮೊದಲೇ ಎದ್ದಿರುತ್ತಾರೆ, ಚಹಾ ಬೇಡ ಅನ್ನುತ್ತಾರೆ.

ಕಷ್ಟವಾದದ್ದು ಮಾತಾಡಿಸುವುದು.

"ಎಷ್ಟು ದಿನದಿಂದ ಹೀಗೆ?" ಎಂದು ಮೊದಲನೆಯವರನ್ನು ಕೇಳಿದೆ.

"ಏನು ಹಿಂಗ?"

"ಅದೇ, ಒಂದಕ್ಕೆ ಹೋಗೋದು."

"ನಾ ಬೆಲ್ಲ ಮಾರಾಕ ಹೊಂಟೀನ್ರಿ," ಎಂದರು. ಅವರ ಕೈಯಲ್ಲಿ ಹೆಗಲುವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ.

ಎರಡನೆಯವರು, ನಾನು ಕೇಳದಿದ್ದರೂ, ತಮಗೆ ಗೇಣಿ ಜಮೀನೇ ಇಲ್ಲವೆಂದರು. ಮೂರನೆಯವರು ಹೆಸರನ್ನೂ ಸುಳ್ಳು ಹೇಳಿದರೆಂದು ಆಮೇಲೆ ತಿಳಿಯಿತು. ಹಲವು ಸಂತೆಗಳು ಹೀಗೆಯೇ ಕಳೆದವು. ಕೊಡದ ನೀರು ಹಾಗೇ ಉಳಿಯುತ್ತಿತ್ತು. ಹೋಟೆಲಿನವರು ಒಂದು ದಿನ ತಡೆಯಲಾರದೆ ಹೇಳಿದರು:

"ಸ್ವಾಮೇರ, ನೀವು ಕೇಳೋದು ಅಮಲ್ದಾರ್ರು ಕೇಳ್ದಂಗ ಐತ್ರಿ. ಮೊದ್ಲು ಆ ಪೆನ್ನು ಜೇಬಿಂದ ತಗೀರಿ."

ಪೆನ್ನು ತೆಗೆದೆ. ಪ್ರಶ್ನೆಯನ್ನೂ ಬಿಟ್ಟೆ. ಪಕ್ಕದಲ್ಲಿ ಹೋಗಿ ಕೂತು, ನೀರು ಕುಡಿದು, ಬೀದಿಯನ್ನು ನೋಡುತ್ತಾ ಹೇಳುತ್ತಿದ್ದೆ: "ನನಗೆ ಒಂದಕ್ಕೆ ಸಲೀಸಾಗಿ ಹೋಗಲ್ಲ. ಪರೀಕ್ಷೆ ಮಾಡಿಸಿದೆ, ಒಳಗೆ ಗಡ್ಡೆ ಐತೆ ಅಂದ್ರು. ಮಾತ್ರೆ ತಗೊಳ್ತಿದ್ದೀನಿ." ಸುದ್ದಿಯಲ್ಲಿ 'ನಾನು' ಎಂಬ ಪದ ಬಾರದಂತೆ ನೋಡಿಕೊಳ್ಳುವುದೇ ಇಷ್ಟು ವರ್ಷ ನನ್ನ ಕಸುಬಾಗಿತ್ತು. ಆ ಪದವನ್ನೇ ಮೊದಲು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಬೀದಿಯ ಸದ್ದು ತುಸು ದೂರ ಸರಿದಂತಾಗಿ, ಪಕ್ಕದವರು ಲೋಟಕ್ಕೆ ಕೈ ಚಾಚುತ್ತಿದ್ದರು. ಅರ್ಧ ಲೋಟ ಕುಡಿದು, "ನಂಗೂ ಹಂಗೇ ಐತ್ರಿ," ಎನ್ನುತ್ತಿದ್ದರು. ಮುಂದಿನ ಸಂತೆಗೆ ಅವರೇ ಇನ್ನೊಬ್ಬರ ಪಕ್ಕದಲ್ಲಿ ಕೂರುತ್ತಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಬೆಂಚು ತುಂಬುತ್ತಿತ್ತು. ಹೋಟೆಲಿನವರು ಒಳಗೆ ಕೂಗಿ ಹೇಳುತ್ತಿದ್ದರು, "ಗೋಡೆ ಸಂಘದೋರಿಗೆ ಚಹಾ ಕೊಡ್ರೋ." ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಜವಳಿ ವ್ಯಾಪಾರಿ. ಮನೆಯಲ್ಲಿ ನಾನು ರೋಗಿಯಾಗಿದ್ದೆ. ತಂಗಿ ಗಂಜಿ ಆರಿಸಿ ತಂದು ಮುಂದಿಡುತ್ತಿದ್ದಳು, ನಾನು ನೋಯುವ ವಸ್ತುವೆಂಬಂತೆ ಮಕ್ಕಳು ಸುತ್ತುಹಾಕಿ ಓಡಾಡುತ್ತಿದ್ದರು. ಬೆಂಚಿನ ಮೇಲೆ ನನಗೆ ಕೆಲಸವಿತ್ತು. ಬಿಸಿ ಏರಿ ಬೆವರಿದಾಗ ಪಕ್ಕದವರು ಮಾತು ನಿಲ್ಲಿಸದೆ ಹೆಗಲುವಸ್ತ್ರದಿಂದ ಗಾಳಿ ಹಾಕುತ್ತಿದ್ದರು. ಸೋನೆಯಲ್ಲಿ ಬಸ್ಸುಗಳು ಹೊಳೆಯ ದೋಣಿಗಳಂತೆ ಬಂದು ತಂಗಿ, ಮತ್ತೆ ಸೋನೆಯೊಳಗೆ ಹೋಗುತ್ತಿದ್ದವು.

ಅಂಥ ಒಂದು ದಿನ ಸೊರಬದ ಬಸ್ಸಿನಿಂದ ಒಬ್ಬ ಯಜಮಾನರು ಹೆಂಡತಿಯ ಭುಜ ಹಿಡಿದುಕೊಂಡು ಇಳಿದರು. ಹೆಂಡತಿಯೊಂದಿಗೆ ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು:

"ಸೊಂಟ ನೋವು ಅಂತಾರೆ. ಸೊಂಟದ್ದೊಂದೇ ಅಲ್ಲ ಅದು. ಮೂರು ಸಲ ಎದ್ದು ಹೊರಗೆ ಹೋದ್ರೆ ನಾಕು ಹನಿ. ನಂಗೆ ಗೊತ್ತಾಗಲ್ಲ ಅಂದ್ಕಂಡಾರೆ."

"ನೀ ಸುಮ್ನಿರೆ ಮಾರಾಯ್ತಿ," ಎಂದರು ಯಜಮಾನರು.

ಅವರೊಂದಿಗೆ ನಾನೂ ಶಿಕಾರಿಪುರಕ್ಕೆ ಹೋದೆ. ಡಾಕ್ಟರು ಪರೀಕ್ಷಿಸಿದರು. ಗ್ರಂಥಿ ಕಲ್ಲಿನಂತೆ ಗಟ್ಟಿಯಾಗಿತ್ತು. ಸೊಂಟದ ನೋವು ರೋಗ ಮೂಳೆಗೆ ಇಳಿದಿರುವುದರ ಗುರುತು ಎಂದರು. ಜಿಲ್ಲಾ ಆಸ್ಪತ್ರೆಯಲ್ಲಿ ಬೇಗ ಬೀಜ ತೆಗೆಸಿದರೆ ನೋವು ಇಳಿಯುತ್ತದೆ, ಒಂದಷ್ಟು ವರ್ಷ ನಡೆದಾಡಬಹುದು. ತಡಮಾಡಿದರೆ ಬೆನ್ನುಮೂಳೆ ಕುಸಿದು ಕಾಲು ಸ್ವಾಧೀನ ತಪ್ಪಬಹುದು. ಯಜಮಾನರು ಕೇಳಿದ್ದು ಒಂದೇ: "ದನಿ ಹೋಗ್ತದಾ?" ಬೆಳೆದ ಗಂಡಸಿನ ದನಿ ಬದಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಯಜಮಾನರು ಎದ್ದು ಹೊರಗೆ ಬಂದರು.

ಹಿಂದಿರುಗುವ ದಾರಿಯಲ್ಲಿ, ಬೆಂಚಿನ ಮೇಲೆ, ಸೊರಬದ ಬಸ್ಸಿಗೆ ಕಾಯುತ್ತಾ ಅವರು ಮಾತು ತೆಗೆದರು.

"ಹೋರಿಗೆ ಬೀಜ ಒಡೆಯದು ನೋಡೀರಾ ನೀವು?"

"ಇಲ್ಲ."

"ನಾ ಒಡೆಸೀನಿ. ಆಮೇಲೆ ಅದು ಗುಟುರು ಹಾಕದೇ ಇಲ್ಲ. ಕೂಗಿದ್ರೂ ಆ ದನಿ ಅಲ್ಲ."

ದೀಪಾವಳಿಯಲ್ಲಿ ಅವರ ಕಡೆ ಅಂಟಿಗೆ-ಪಂಟಿಗೆ ಹೊರಡುತ್ತದೆ. ಗಂಡಸರ ಮೇಳವೊಂದು ಹೊತ್ತಿಸಿದ ದೀಪ ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತು ಹಾಡುತ್ತದೆ. ಮುಂದಿನವರು ಹೇಳಿದ್ದನ್ನು ಹಿಂದಿನವರು ತಿರುಗಿ ಹೇಳುತ್ತಾರೆ. ಹಾಡು ಮುಗಿದಾಗ ಮನೆಯವರು ದೀಪಕ್ಕೆ ಎಣ್ಣೆ ಹೊಯ್ಯುತ್ತಾರೆ. ಮೇಳದಲ್ಲಿ ಮುಂದೆ ನಿಂತು ಹೇಳುವವರು ಇವರು. ಇವರಿಗೆ ಮೊದಲು ಇವರ ಅಪ್ಪ.

"ಹೆಣ್ಣು ದನಿ ಬಂದ್ರೆ ದೀಪದ ಮುಂದೆ ನಿಲ್ಲದು ಹೆಂಗೆ?"

"ಬರಲ್ಲ ಅಂತ ಡಾಕ್ಟರು ಹೇಳಿದ್ರಲ್ಲ."

"ಡಾಕ್ಟರು ಮಾಡಿಸ್ಕಂಡಾರಾ?"

"ಇಲ್ಲ."

"ನೀವು?"

"ಇಲ್ಲ. ನಾನು ಮಾತ್ರೆ."

"ಮತ್ತೆ?"

ಈ ಶಸ್ತ್ರಚಿಕಿತ್ಸೆ ಆದ ಯಾರನ್ನಾದರೂ ಹುಡುಕಿ ಕರೆತರುತ್ತೇನೆ, ಅವರ ದನಿ ಕೇಳಿ ನೋಡಿ ಎಂದೆ.

"ಅವರ ದನಿ ಮೊದಲು ಹೆಂಗಿತ್ತು ಅಂತ ನಂಗೆಂತ ಗೊತ್ತು?"

ಪ್ರಶ್ನೆ ಸರಿಯಾಗಿತ್ತು. ಬೆಲೆ ಏರಿತು ಎಂದು ಬರೆದು ಹಿಂದಿನ ಬೆಲೆ ಕೊಡದ ವರದಿಗಳನ್ನು ನಾನೇ ಎಷ್ಟೋ ಸಲ ಹಿಂದಿರುಗಿಸಿದ್ದೆ.

ಆಕೆ ತುಸು ದೂರದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು, "ಹಿಂಗೇ ವಾದ ಮಾಡ್ತಾ ಕೂತ್ರೆ ಈ ದೀಪಾವಳಿಗೆ ದೀಪನ ಇವ್ರ ತಲೆ ಹತ್ರ ಇಡ್ಬೇಕಾಗ್ತದೆ."

ಯಜಮಾನರು ನಗಲಿಲ್ಲ. ಬಸ್ಸು ಬಂತು, ಹತ್ತಿದರು. ನಾನು ಕೈಯೆತ್ತುವುದನ್ನು ಮರೆತೆ. ಡ್ರೈವರು ಕಾಯುತ್ತಲೇ ಇದ್ದರು.

ಶಿಕಾರಿಪುರಕ್ಕೆ ಮರಳುವಾಗ ದಾರಿಬದಿಯ ಗದ್ದೆಗಳ ಮೇಲೆ ಮಳೆ ನಿಂತು ಬೆಳಕು ಬಂದಿತ್ತು. ನಾಟಿಯ ನೀರಿನಲ್ಲಿ ಮೋಡಗಳು ನೆಟ್ಟಂತಿದ್ದವು. ಮಾತ್ರೆಯ ಮಂಪರಿನಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು. ಯಜಮಾನರು ತಮ್ಮ ಭಯ ಏನೆಂದು ಹೇಳಿದ್ದರು. ನಾನು ನನ್ನದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಅರ್ಧ ಗಂಡಸಾಗಿ ಉಳಿಯುತ್ತೇನೆಂಬ ಭಯ ಅದು. ಮದುವೆಯಾಗದ, ವಯಸ್ಸಾದ ನನಗೆ ಆ ಉಳಿದರ್ಧದಿಂದ ಏನಾಗಬೇಕಾಗಿತ್ತು? ಯಜಮಾನರಿಗೆ ಬೇಕಾಗಿದ್ದದ್ದು ಮೊದಲೂ ಆಮೇಲೂ ಅವರು ಕೇಳಬಲ್ಲ ಒಂದು ದನಿ. ನನ್ನದು ಇತ್ತು.

ಡಾಕ್ಟರಿಗೆ ತಿಳಿಸಿದಾಗ, "ನಾನು ಹೇಳಿದಾಗ ಮಾಡಿಸ್ಕೊಳ್ಳಲಿಲ್ಲ," ಎಂದಷ್ಟೇ ಹೇಳಿ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ತಂಗಿ ಸಿಟ್ಟಾದಳು. "ಅಣ್ಣ, ಇನ್ಯಾರಿಗೋ ಹಾಡು ಬೇಕು ಅಂತ ನೀನು ಕೊಯ್ಸ್ಕೊಳ್ತೀಯಾ?"

"ನನಗೂ ಬೇಕಾಗಿದ್ದೇ," ಎಂದೆ.

ಕೊಯ್ಯಿಸುವ ಮೊದಲೊಮ್ಮೆ, ಆಮೇಲೊಮ್ಮೆ ನನ್ನ ದನಿ ಕೇಳಲು ಯಜಮಾನರು ಒಪ್ಪಿದರು, ಪರೀಕ್ಷೆಯ ವಿಧಾನವನ್ನೂ ಅವರೇ ಗೊತ್ತುಮಾಡಿದರು. ಹತ್ತಿರದಲ್ಲಿ ಮಾತಾಡಿದರೆ ದನಿ ತಿಳಿಯುವುದಿಲ್ಲವಂತೆ, ನೀರಿನ ಮೇಲೆ ಬರಬೇಕಂತೆ. ಶಿರಾಳಕೊಪ್ಪದ ಹೊರಗಿನ ಒಂದು ಕೆರೆಗೆ ಹೋದೆವು. ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಹಾಸಿತ್ತು. ಅವರು ಈ ದಡದಲ್ಲಿ ನನಗೆ ಬೆನ್ನುಮಾಡಿ ಕೂತರು. ನಾನು ಏರಿಯ ಮೇಲೆ ಸುತ್ತಿ ಆಚೆ ದಡಕ್ಕೆ ಹೋದೆ. ಏನು ಕೂಗುವುದು? ಹಾಡು ನನಗೆ ಬಾರದು. ಬಾಯಿಗೆ ಬಂದದ್ದು ಒಂದು ತಲೆಬರಹ.

"ಸೊರಬ ತಾಲ್ಲೂಕಿನಲ್ಲಿ ಉತ್ತಮ ಮಳೆ."

ಎಮ್ಮೆ ತೊಳೆಯುತ್ತಿದ್ದವರೊಬ್ಬರು ಆಕಾಶ ನೋಡಿದರು. ಆಚೆಯಿಂದ ಯಜಮಾನರ ದನಿ ತೇಲಿ ಬಂತು: "ಇನ್ನೊಂದ್ಸಲ. ಎತ್ತರಿಸಿ."

ಎತ್ತರಿಸಿ, ತಗ್ಗಿಸಿ, ಎಳೆದು, ಮತ್ತೆ ಮತ್ತೆ ಕೂಗಿಸಿದರು. ಪದಗಳು ಮಂಜಿನೊಳಗೆ ಒಂದೊಂದಾಗಿ ಹೋಗಿ ಕಾಣೆಯಾಗುತ್ತಿದ್ದವು. ನನ್ನ ದನಿಯನ್ನು ನಾನು ಅಷ್ಟು ದೂರದವರೆಗೆ ಎಂದೂ ಕಳಿಸಿರಲಿಲ್ಲ. ಅದು ನನ್ನಿಂದ ಬಿಡಿಸಿಕೊಂಡು, ನನಗೆ ಸಂಬಂಧವಿಲ್ಲದ ಒಂದು ಹಕ್ಕಿಯಂತೆ ನೀರಿನ ಮೇಲೆ ಹಾರಿ ಹೋಗುವುದನ್ನು ನೋಡುತ್ತಾ ನಿಂತೆ.

ಜಿಲ್ಲಾ ಆಸ್ಪತ್ರೆಯಲ್ಲಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟರು. ಸೊಂಟದ ಕೆಳಗಿನ ದೇಹ ಹಗ್ಗ ಬಿಚ್ಚಿದ ತೆಪ್ಪದಂತೆ ನಿಧಾನವಾಗಿ ದೂರ ಹೋಯಿತು. ನಡುವೆ ಒಂದು ಬಟ್ಟೆ ಅಡ್ಡ ಕಟ್ಟಿದ್ದರು. ಟ್ರೇಯಲ್ಲಿ ಉಪಕರಣ ಇಡುವ ಸದ್ದು ಕೇಳುತ್ತಿತ್ತು, ಎಳೆದಂಥ ಅನುಭವವಾಗುತ್ತಿತ್ತು, ನೋವಿರಲಿಲ್ಲ. ನಾನು ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯಿತು. ಆಮೇಲೆ ಊತ, ಹೊಲಿಗೆಯ ಉರಿ, ಕೆಲವು ದಿನ ಕಾಲಗಲಿಸಿ ನಡೆಯುವುದು. ಕನ್ನಡಿಯ ಮುಂದೆ ನಿಂತೆ. ಮೊದಲಿದ್ದವನೇ ನಿಂತಿದ್ದ, ಸ್ವಲ್ಪ ಬಿಳುಚಿಕೊಂಡಿದ್ದ.

ಗಾಯ ಮಾಗಿದ ಮೇಲೆ ಮತ್ತೆ ಅದೇ ಕೆರೆ. ಈ ಸಲ ಯಜಮಾನರನ್ನು ಗಾಡಿಯಲ್ಲಿ ಕರೆತರಬೇಕಾಯಿತು. ಗಾಡಿ ಕುಲುಕಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು. ಎಡಗಾಲು ಜೋಮು ಹಿಡಿಯುತ್ತದೆ ಎಂದು ಹೆಂಡತಿ ನನಗೆ ಮಾತ್ರ ಹೇಳಿದರು. ತಡೆಯುವ ಹೊತ್ತು ಇರಲಿಲ್ಲ. ನಾನು ಆಚೆ ದಡಕ್ಕೆ ಹೋಗಿ ಅದೇ ತಲೆಬರಹವನ್ನು ಕೂಗಿದೆ. ಎತ್ತರಿಸಿ, ತಗ್ಗಿಸಿ, ಎಳೆದು. ಯಜಮಾನರ ಕಡೆಯಿಂದ ಏನೂ ಬರಲಿಲ್ಲ. ಮತ್ತೆ ಕೂಗಿದೆ. ಉತ್ತರ ಬರದಿದ್ದಾಗ ಏರಿ ಬಳಸಿ ಅವರ ಬಳಿಗೆ ಬಂದೆ. ಕಣ್ಣು ಮುಚ್ಚಿಯೇ ಕೂತಿದ್ದರು.

"ಅದೇ," ಎಂದರು.

ಅಷ್ಟಕ್ಕೇ ಬಿಡಬಹುದಾಗಿತ್ತು. ಅರ್ಧ ಸುದ್ದಿ ಕೊಟ್ಟು ಒಬ್ಬರನ್ನು ಒಪ್ಪಿಸುವುದು ನನ್ನಿಂದ ಆಗಲಿಲ್ಲ. ಮೈ ಬಿಸಿಯೇರುತ್ತದೆ, ತೋಳಿನ ಕಸುವು ಕಡಿಮೆಯಾಗುತ್ತದೆ, ರೋಗ ಪೂರ್ತಿ ಹೋಗುವುದಿಲ್ಲ, ಹೆಣ್ಣಿನ ಆಸೆ ಮಾತ್ರ ಪೂರ್ತಿ ಹೋಗುತ್ತದೆ ಎಂದು, ಆಕೆ ಹತ್ತಿರವೇ ಇದ್ದರೂ, ಒಂದೊಂದಾಗಿ ಹೇಳಿದೆ.

ಯಜಮಾನರು ಕಣ್ಣು ತೆರೆದು ನನ್ನನ್ನು ನೋಡಿದರು. "ಅದನ್ನ ಕೇಳಿದ್ನಾ ನಾ? ನಾ ಕೇಳಿದ್ದು ದನಿ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕೆರೆಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು. ಮತ್ತೆ ಈ ಕಡೆ ತಿರುಗಿ, "ನಮಗೆ ಬೇಕಾದ್ದು ಬೀಜದ ಹೋರಿ ಅಲ್ಲ. ಏಳಿ, ಬಸ್ಸು ಬರ್ತದೆ," ಎಂದರು.

ಅವರು ಎದ್ದರು.

ಜಿಲ್ಲಾ ಆಸ್ಪತ್ರೆಯಲ್ಲಿ ನಾನು ಅವರ ಜೊತೆಗಿದ್ದೆ. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಸೊಂಟದ ನೋವು ಇಳಿಯತೊಡಗಿತು. ಹೊರಳಲು ಆಗದಿದ್ದವರು ಹಾಸಿಗೆಯ ಮೇಲೆ ಎದ್ದು ಕೂತು ಅನ್ನ ಉಂಡರು. ಆದರೆ ಹಾಡಲಿಲ್ಲ. ಒಂದು ಎಳೆ ಗುನುಗಲೂ ಇಲ್ಲ. ಡಾಕ್ಟರೊಂದಿಗೂ ಪಿಸುದನಿಯಲ್ಲೇ ಮಾತಾಡಿದರು. ಊರಿಗೆ ಹೋದ ಮೇಲೂ ಹಾಗೆಯೇ ಇದ್ದಾರೆ ಎಂದು ಸೊರಬದಿಂದ ಬಂದ ಸಂಘದವರೊಬ್ಬರು ಬೆಂಚಿನ ಮೇಲೆ ಹೇಳಿದರು. ಕೆರೆಯಾಚೆಯಿಂದ ಕೇಳಿದ ನನ್ನ ದನಿ ಅವರಿಗೆ ಸಾಕ್ಷಿಯಾಗಿತ್ತು ನಿಜ, ಸಾಕ್ಷಿಯೇ ತೀರ್ಪಲ್ಲ.

ದೀಪಾವಳಿಗೆ ನಾನು ಅವರ ಊರಿಗೆ ಹೋದೆ. ಊರಿನವರಿಗೆ ಹರ್ನಿಯಾ ಕೊಯ್ಯಿಸಿದ್ದೆಂದು ಹೇಳಲಾಗಿತ್ತು. ಸಂಜೆ ಕಪ್ಪಾಗುವ ಮುನ್ನ ಮೇಳ ದೇವರ ಮುಂದೆ ದೀಪ ಹೊತ್ತಿಸಿಕೊಂಡು ಹೊರಟು, ಆ ವರ್ಷ ಮೊದಲು ಯಜಮಾನರ ಬಾಗಿಲಿಗೇ ಬಂತು. ಅವರು ಒಳಗಿನಿಂದ ಇಳಿದು ಹೋಗಿ, ಕಂಬಳಿ ಹೆಗಲ ಮೇಲೆ ಸರಿಮಾಡಿಕೊಂಡು, ದೀಪದ ಮುಂದೆ ನಿಂತರು. ಗಾಳಿ ತಾಗದಂತೆ ಒಬ್ಬರು ಕೈ ಅಡ್ಡ ಹಿಡಿದಿದ್ದರು. ಬೆರಳುಗಳ ಸಂದಿನಿಂದ ಬೆಳಕು ಎಲ್ಲರ ಮುಖಕ್ಕೂ ಅಷ್ಟಷ್ಟು ಹಂಚಿಕೆಯಾಗಿತ್ತು.

ಯಜಮಾನರು ಹೇಳತೊಡಗಿದರು. ಮೇಳ ತಿರುಗಿ ಹೇಳಿತು. ದೊಡ್ಡ, ಒರಟಾದ, ಅಂಗಳ ದಾಟಿ ಗದ್ದೆಯವರೆಗೆ ಹೋಗುವ ದನಿ. ನಾನು ಜಗಲಿಯ ಮೇಲೆ ಉಸಿರು ಬಿಟ್ಟೆ. ಆಗಲೇ, ಹಾಡು ಮೇಲೇರುವ ಒಂದು ಜಾಗದಲ್ಲಿ, ದನಿ ತಟ್ಟನೆ ನಿಂತಿತು. ಅವರ ಬಾಯಿ ತೆರೆದೇ ಇತ್ತು. ಮೇಳದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ ಸಾಲನ್ನು ಎತ್ತಿಕೊಟ್ಟರು, ಯಜಮಾನರು ಅದನ್ನು ಹಿಡಿದು ಮುಂದುವರಿಸಿ ಹಾಡು ಮುಗಿಸಿದರು.

ನಾನು ಹಾಡುಗಾರರನ್ನು ನೋಡಲಿಲ್ಲ, ಬಾಗಿಲಲ್ಲಿ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದ ಅವರ ಹೆಂಡತಿಯನ್ನು ನೋಡಿದೆ. ಆ ದನಿಯನ್ನು ಮೊದಲೂ ಆಮೇಲೂ ಹತ್ತಿರದಿಂದ ಕೇಳಿದ್ದವರು, ಎಲ್ಲ ತಿಳಿದಿದ್ದವರು, ಅಲ್ಲಿ ಅವರೊಬ್ಬರೇ. ಅವರು ಇಳಿದು ಹೋಗಿ ದೀಪಕ್ಕೆ ಎಣ್ಣೆ ಹೊಯ್ದರು. ಮೇಳ ಮುಂದಿನ ಮನೆಯತ್ತ ಹೊರಟಿತು. ಆಕೆ ಬಾಗಿಲಿಗೆ ಹಿಂತಿರುಗಿ ಬಂದಾಗ ಮೆಲ್ಲಗೆ ಕೇಳಿದೆ:

"ಅಲ್ಲಿ ದನಿ ಹೋಯ್ತಾ?"

"ಎಂತ ದನಿ ಹೋಗದು," ಎಂದರು ಆಕೆ, ಎಣ್ಣೆಯಾದ ಬೆರಳನ್ನು ತಲೆಗೆ ಸವರಿಕೊಳ್ಳುತ್ತಾ. "ಪದ ಮರ್ತಿದ್ದು. ಹೋದ ವರ್ಷನೂ ಅಲ್ಲೇ ಮರ್ತಿದ್ರು."